ಮನೇಲಿ ಓಡೋ ಪೈಥಾನ್ ಪ್ರೋಗ್ರಾಂ ಲ್ಯಾಬಲ್ಲಿ ಸಿಂಟ್ಯಾಕ್ಸ್ ಎರರ್ ಕೊಡ್ತೈತೆ, ಯಾರಾದ್ರೂ ಒಸಿ ನೋಡಿ

ಮದ್ದೂರು_ಹುಡುಗ · ಭಾನುವಾರ ರಾತ್ರಿ 11.20

ಎಲ್ರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ಎರಡನೇ ವರ್ಷ, ಊರು ಮದ್ದೂರು ಹತ್ರ ಒಂದು ಹಳ್ಳಿ. ಮಿನಿ ಪ್ರಾಜೆಕ್ಟ್‌ಗೆ ನಮ್ ದೊಡ್ಡಪ್ಪನ ಆಲೆಮನೆ ಲೆಕ್ಕ ತಗೊಂಡಿದೀನಿ. ಯಾರ ಗದ್ದೆಯಿಂದ ಎಷ್ಟು ಟನ್ ಕಬ್ಬು ಬಂತು, ಅಚ್ಚು ಬೆಲ್ಲ ಎಷ್ಟಾಯ್ತು ಬಕೆಟ್ ಬೆಲ್ಲ ಎಷ್ಟಾಯ್ತು, ಕೂಲಿ ಕಳೆದು ಕೈಗೆ ಎಷ್ಟು ಉಳೀತು ಅಂತ ಲೆಕ್ಕ ಹಾಕಿ ಕನ್ನಡದಲ್ಲೇ ಒಂದು ಚೀಟಿ ಕೊಡೋ ಪ್ರೋಗ್ರಾಂ, ಪೈಥಾನಲ್ಲಿ ಬರ್ದಿರೋದು. ದೊಡ್ಡಪ್ಪಂಗೆ ಇಂಗ್ಲಿಷ್ ಬರಲ್ಲ, ಅದಕ್ಕೆ ವೇರಿಯಬಲ್ ಹೆಸರೂ ಸುಮಾರು ಕನ್ನಡದಲ್ಲೇ ಇಟ್ಟಿದೀನಿ, ಟನ್, ದರ, ಕೂಲಿ, ಬಗೆ ಹಿಂಗೆ.

ಮನೆ ಲ್ಯಾಪ್‌ಟಾಪಲ್ಲಿ ಒಂದು ತಕರಾರಿಲ್ದೆ ಓಡುತ್ತೆ. ಪೆನ್‌ಡ್ರೈವಲ್ಲಿ ಹಾಕ್ಕೊಂಡು ಕಾಲೇಜ್ ಲ್ಯಾಬ್‌ಗೆ ಹೋಗಿ ರನ್ ಕೊಟ್ರೆ ಇನ್‌ವ್ಯಾಲಿಡ್ ಸಿಂಟ್ಯಾಕ್ಸ್ (ವ್ಯಾಕರಣ ತಪ್ಪು) ಅಂತ ಕೆಂಪಗೆ ಬಂದು ನಿಂತ್ಕೊಳುತ್ತೆ. 14ನೇ ಲೈನ್. ಅಲ್ಲಿ ಮ್ಯಾಚ್ (ವೇರಿಯಬಲಲ್ಲಿ ಏನೈತೆ ಅಂತ ನೋಡಿ ಅದಕ್ಕೆ ತಕ್ಕ ಕೆಲ್ಸ ಆರಿಸೋ ಪದ) ಅಂತ ಬರ್ದು ಪಕ್ಕದಲ್ಲಿ ಬಗೆ ಅಂತ ನನ್ನ ವೇರಿಯಬಲ್ ಐತೆ, ಬಾಣ ಸರಿಯಾಗಿ ಆ 'ಬಗೆ' ಕೆಳಗೇ ತೋರಿಸ್ತೈತೆ. ನನ್ ಫ್ರೆಂಡು ಕನ್ನಡದಲ್ಲಿ ಬರೆದ್ರೆ ಕಂಪ್ಯೂಟರ್ ತಗೊಳಲ್ಲ ಕಣೋ, ಹೇಳಿರ್ಲಿಲ್ವಾ ಅಂದ. ಎರಡು ರಾತ್ರಿ ಕೂತು ಎಲ್ಲಾ ಹೆಸರನ್ನೂ ಇಂಗ್ಲಿಷ್‌ಗೆ ಬದಲಾಯಿಸ್ದೆ, ಆದ್ರೂ ಅದೇ ಲೈನು ಅದೇ ಎರರ್ರು. ಮುಂದಿನ ಗುರುವಾರ ಡೆಮೊ ಐತೆ, ಲ್ಯಾಬ್ ಸಿಸ್ಟಮಲ್ಲೇ ತೋರಿಸ್ಬೇಕು. ಏನ್ ಮಾಡ್ಲಿ ಅಂತ ಹೊಳೀತಿಲ್ಲ.

ಶಿವಪುರ_ಎಕ್ಸ್‌ಪ್ರೆಸ್ · ಭಾನುವಾರ ರಾತ್ರಿ 11.34

ಇಂಡೆಂಟೇಷನ್ ನೋಡು ಗುರು, ಲೈನ್ ಮುಂದೆ ಬಿಡೋ ಜಾಗದಲ್ಲಿ ಟ್ಯಾಬು ಸ್ಪೇಸು ಮಿಕ್ಸ್ ಆಗಿರ್ಬೇಕು. ನಂಗೂ ಹಿಂಗೇ ಆಗಿತ್ತು.

ಹೆಬ್ಬಾಳ_ನೈಟ್‌ಶಿಫ್ಟ್ · ಸೋಮವಾರ ಬೆಳಗಿನ ಜಾವ 2.10

ಇಂಡೆಂಟೇಷನ್ ಅಲ್ಲ ಅನ್ಸುತ್ತೆ. ಅದಾಗಿದ್ರೆ ಪೈಥಾನ್ 3 ಇಂಡೆಂಟೇಷನ್ ಎರರ್ ಅಥ್ವಾ ಟ್ಯಾಬ್ ಎರರ್ ಅಂತ ಹೆಸರು ಹೇಳಿನೇ ಬೈಯುತ್ತೆ. ಅದೂ ಅಲ್ದೆ ಒಂದು ಕಡೆ ಓಡಿ ಇನ್ನೊಂದು ಕಡೆ ಓಡ್ತಿಲ್ಲ ಅಂದ್ರೆ ಕೋಡ್ ಮುಟ್ಟೋಕೆ ಮುಂಚೆ ಎರಡೂ ಕಡೆ ಇರೋ ಪೈಥಾನ್ ವರ್ಷನ್ ಯಾವ್ದು ಅಂತ ನೋಡ್ಬೇಕಪ್ಪ. ಮ್ಯಾಚ್ ಅಂದ ತಕ್ಷಣ ನಂಗೆ ಅದೇ ಅನುಮಾನ. ಲ್ಯಾಬಲ್ಲಿ ಯಾವ ವರ್ಷನ್ ಇದೆ?

ಮದ್ದೂರು_ಹುಡುಗ · ಸೋಮವಾರ ಮಧ್ಯಾಹ್ನ 1.05

ಅಣ್ಣ ನೋಡಾಣ ಅಂತ ಫೈಲಿನ ಮೊದಲ್ನೇ ಲೈನಲ್ಲೇ ವರ್ಷನ್ ಪ್ರಿಂಟ್ ಮಾಡೋ ಹಂಗೆ ಹಾಕ್ದೆ. ಆದ್ರೆ ಅದು ಪ್ರಿಂಟೇ ಆಗಲ್ಲ, ಸೀದಾ ಎರರ್ರಿಗೆ ಹೋಗುತ್ತೆ, ಈಗ 16ನೇ ಲೈನ್ ಅಂತೈತೆ. ಒಂದನೇ ಲೈನ್ ಓಡ್ದಲೆ 16ನೇ ಲೈನ್‌ಗೆ ಹೆಂಗೆ ಹೋಯ್ತು?

ಹೆಬ್ಬಾಳ_ನೈಟ್‌ಶಿಫ್ಟ್ · ಸೋಮವಾರ ಸಂಜೆ 6.30

ಒಳ್ಳೆ ಪ್ರಶ್ನೆ ಕೇಳಿದೀಯ, ಇದನ್ನ ಸರಿಯಾಗಿ ಹೇಳ್ಬೇಕು. ಪೈಥಾನ್ ಒಂದೊಂದೇ ಲೈನ್ ಓದಿ ಒಂದೊಂದೇ ಲೈನ್ ಓಡಿಸುತ್ತೆ ಅಂತ ನಮಗೆಲ್ಲ ಕ್ಲಾಸಲ್ಲಿ ಹೇಳಿರ್ತಾರೆ, ಆದ್ರೆ ಓಡಿಸೋಕೆ ಮುಂಚೆ ಅದು ಇಡೀ ಫೈಲನ್ನ ಮೊದಲಿಂದ ಕೊನೆವರೆಗೂ ಒಂದ್ಸಲ ಓದಿ ಬೈಟ್‌ಕೋಡ್ ಅಂದ್ರೆ ತಾನು ಓಡಿಸೋ ರೂಪ ಮಾಡ್ಕೊಳುತ್ತೆ. ಆ ಓದೋ ಹಂತದಲ್ಲೇ ತನಗೆ ಗೊತ್ತಿಲ್ದಿರೋ ವ್ಯಾಕರಣ ಸಿಕ್ರೆ ಅಲ್ಲೇ ನಿಂತುಬಿಡುತ್ತೆ, ಒಂದು ಲೈನೂ ಓಡಿರಲ್ಲ. ಅದಕ್ಕೆ ನಿನ್ನ ಪ್ರಿಂಟು ಬರ್ಲಿಲ್ಲ. ಬೇರೆ ಎರರ್‌ಗಳು, ಸೊನ್ನೆಯಿಂದ ಭಾಗಿಸಿದ್ರೆ ಬರೋದು ಅಥ್ವಾ ಫೈಲ್ ಸಿಗದೇ ಇದ್ರೆ ಬರೋದು, ಅವೆಲ್ಲ ಓಡ್ತಾ ಓಡ್ತಾ ಬರೋವು. ಸಿಂಟ್ಯಾಕ್ಸ್ ಎರರ್ ಹಂಗಲ್ಲ. ನೀನು ಎರರ್ ಹಿಡಿಯೋ ಟ್ರೈ, ಎಕ್ಸೆಪ್ಟ್ ಹಾಕಿ ಸುತ್ತ ಬೇಲಿ ಕಟ್ಟಿದ್ರೂ ಅದೇ ಫೈಲಲ್ಲಿ ಇದ್ರೆ ಹಿಡಿಯೋಕಾಗಲ್ಲ.

ವರ್ಷನ್ ನೋಡ್ಬೇಕು ಅಂದ್ರೆ ಬೇರೆ ಒಂದು ಚಿಕ್ಕ ಫೈಲ್ ಮಾಡು, ಅದರಲ್ಲಿ ಸಿಸ್ ಇಂಪೋರ್ಟ್ ಮಾಡಿ ಸಿಸ್ ಡಾಟ್ ವರ್ಷನ್, ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಇವೆರಡು ಮಾತ್ರ ಪ್ರಿಂಟ್ ಮಾಡ್ಸು. ಮೊದಲ್ನೇದು ಯಾವ ವರ್ಷನ್ ಅಂತ ಹೇಳುತ್ತೆ, ಎರಡನೇದು ಆ ಪೈಥಾನ್ ಯಾವ ಫೋಲ್ಡರಲ್ಲಿ ಕೂತಿದೆ ಅಂತ. ಎರಡನೇದು ಯಾಕೆ ಅಂದ್ರೆ ಒಂದೇ ಸಿಸ್ಟಮಲ್ಲಿ ಎರಡು ಮೂರು ಪೈಥಾನ್ ಇರೋದು ಮಾಮೂಲಿ, ನೀನು ಹೊಸದು ಹಾಕಿರ್ತೀಯ, ಪಾತ್‌ನಲ್ಲಿ, ಅಂದ್ರೆ ಸಿಸ್ಟಮ್ ಪ್ರೋಗ್ರಾಂ ಹುಡುಕೋ ಫೋಲ್ಡರ್ ಪಟ್ಟೀಲಿ, ಹಳೇದೇ ಮುಂದೆ ಇರುತ್ತೆ, ಓಡೋದು ಅದೇ. ವಿಂಡೋಸ್ ಆಗಿದ್ರೆ ಕಮಾಂಡ್ ಪ್ರಾಂಪ್ಟಲ್ಲಿ ಪಿ ವೈ ಅಂತ ಹೊಡೆದು ಸ್ಪೇಸ್ ಬಿಟ್ಟು ಮೈನಸ್ ಸೊನ್ನೆ ಹಾಕು, ಯಾವ್ಯಾವ ಪೈಥಾನ್ ಇದೆ ಅಂತ ಪಟ್ಟಿ ಬರುತ್ತೆ. ಕೋಡ್ ಬರಿಯೋಕೆ ವಿಎಸ್ ಕೋಡ್ ಇದ್ರೆ ಕೆಳಗಡೆ ಪಟ್ಟೀಲಿ ಬಲಗಡೆ ನಂಬರ್ ಕಾಣುತ್ತೆ ನೋಡು, ಅದರ ಮೇಲೆ ಒತ್ತಿದ್ರೆ ಬದಲಾಯಿಸ್ಬೋದು.

ಮದ್ದೂರು_ಹುಡುಗ · ಮಂಗಳವಾರ ಬೆಳಿಗ್ಗೆ 11.48

ಸಿಕ್ತು ಅಣ್ಣ. ಮನೇಲಿ 3.12. ಲ್ಯಾಬಲ್ಲಿ 3.8.10, ಒಂದೇ ಐತೆ, ಬೇರೆ ಇಲ್ಲ. ಲ್ಯಾಬ್ ಸಿಸ್ಟಮ್ ವಿಂಡೋಸ್ 7.

ಕುವೆಂಪುನಗರ_ಕೋಡು · ಮಂಗಳವಾರ ಮಧ್ಯಾಹ್ನ 2.20

ಹಂಗಾದ್ರೆ ಮುಗೀತು, ಸಿಕ್ಕಿದ್ದು ಅದೇ. ಮ್ಯಾಚ್, ಕೇಸ್ ಪೈಥಾನ್‌ಗೆ ಬಂದಿದ್ದೇ 3.10ರಲ್ಲಿ, 2021ರ ಅಕ್ಟೋಬರ್. 3.8 ಬಂದಿದ್ದು 2019ರ ಅಕ್ಟೋಬರ್. 3.8ಕ್ಕೆ ಮ್ಯಾಚ್ ಅನ್ನೋದು ಬರೀ ಒಂದು ಹೆಸರು, ವೇರಿಯಬಲ್ ಥರ. ಒಂದು ಹೆಸರಾದ್ಮೇಲೆ ಏನೂ ಚಿಹ್ನೆ ಇಲ್ದೆ ಪಕ್ಕದಲ್ಲಿ ಇನ್ನೊಂದು ಹೆಸರು ಬಂದ್ರೆ ಅದಕ್ಕೆ ಅರ್ಥ ಆಗಲ್ಲ, ಅದಕ್ಕೇ ಬಾಣ ನಿನ್ನ 'ಬಗೆ' ಕೆಳಗೆ ಬಂದು ನಿಂತಿದ್ದು. ತಮ್ಮ, ಆ ಬಾಣ ನಿನ್ನ ತಪ್ಪು ಎಲ್ಲಿದೆ ಅಂತ ತೋರಿಸಲ್ಲ, ಓದೋನು ಎಲ್ಲಿ ಎಡವಿದ ಅಂತ ತೋರಿಸುತ್ತೆ. ಇಷ್ಟು ಗೊತ್ತಿದ್ದಿದ್ರೆ ನಿನ್ನ ಎರಡು ರಾತ್ರಿ ಉಳೀತಿತ್ತು ಅಂತ ನಂಗೆ ಬೇಜಾರು.

ಕನ್ನಡದ ಹೆಸರಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ, ದಯವಿಟ್ಟು ವಾಪಸ್ ಕನ್ನಡಕ್ಕೇ ಹಾಕು. ಪೈಥಾನ್ 3.0 ಬಂದಿದ್ದು 2008ರ ಡಿಸೆಂಬರಲ್ಲಿ, ಆವತ್ತಿಂದನೇ ವೇರಿಯಬಲ್ ಹೆಸರು ಕನ್ನಡದಲ್ಲಿ ಇಡ್ಬೋದು, ಒತ್ತಕ್ಷರ ಕೊಂಬು ದೀರ್ಘ ಎಲ್ಲಾ ನಡಿಯುತ್ತೆ. ನಿನ್ನ ಫ್ರೆಂಡ್ ಹೇಳಿದ್ದು ಪೈಥಾನ್ 2 ಕಾಲದ ಮಾತು. ಅಲ್ಲಿ ಹೆಸರಿರಲಿ, ಬರೀ ಕಾಮೆಂಟಲ್ಲಿ ಒಂದು ಕನ್ನಡ ಅಕ್ಷರ ಇದ್ರೂ ಫೈಲಿನ ಎನ್‌ಕೋಡಿಂಗ್ (ಅಕ್ಷರನ ಬೈಟ್ ಮಾಡೋ ಪದ್ಧತಿ) ಹೇಳ್ದೆ ಇದ್ರೆ ನಾನ್ ಆಸ್ಕಿ ಕ್ಯಾರೆಕ್ಟರ್ ಅಂತ ಸಿಂಟ್ಯಾಕ್ಸ್ ಎರರ್ ಕೊಡ್ತಿತ್ತು. ಯಾಕಂದ್ರೆ ಪೈಥಾನ್ 2 ಫೈಲನ್ನ ಬರೀ ಇಂಗ್ಲಿಷ್ ಹಿಡಿಸೋ ಆಸ್ಕಿ ಅಂದ್ಕೊಂಡೇ ಓದೋದು, ಪೈಥಾನ್ 3 ಎಲ್ಲಾ ಲಿಪಿ ಹಿಡಿಸೋ ಯುಟಿಎಫ್ 8 ಅಂದ್ಕೊಂಡು ಓದುತ್ತೆ. ನಮ್ಮ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತದ ಚಿಹ್ನೆಗೂ ಯುಟಿಎಫ್ 8ರಲ್ಲಿ ಮೂರು ಮೂರು ಬೈಟ್ ಬೇಕು, ಆಸ್ಕೀಲಿ ಇರೋದೇ 128 ಗುರುತು, ಎಲ್ಲಿ ಹಿಡಿಸುತ್ತೆ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಸಪೋರ್ಟ್ ನಿಂತುಹೋಗಿದೆ, ಆ ಎರರ್ ನೋಡಿದೋರು ಹೇಳಿದ ಮಾತು ಮಾತ್ರ ಇನ್ನೂ ಕ್ಲಾಸಿಂದ ಕ್ಲಾಸಿಗೆ ಹೋಗ್ತಾನೇ ಇದೆ.

ಒಂದೇ ಒಂದು ಕಡೆ ಹುಷಾರು. ಕನ್ನಡ ಟೈಪ್ ಮಾಡುವಾಗ ಅರ್ಧಾಕ್ಷರ ಆದ್ಮೇಲೆ ಒತ್ತು ಕೂಡ್ಕೋಬಾರ್ದು ಅಂತ ನಡುವೆ ಕಾಣದ ಒಂದು ಅಕ್ಷರ ಹಾಕ್ತೀವಲ್ಲ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತಾರೆ. ಅದು ಕೋಟ್ ಒಳಗಡೆ ಇದ್ರೆ ತೊಂದ್ರೆ ಇಲ್ಲ, ವೇರಿಯಬಲ್ ಹೆಸರಲ್ಲಿ ಇದ್ರೆ ಯಾವ ವರ್ಷನ್ ಆದ್ರೂ ಒಪ್ಪಲ್ಲ. 'ಟನ್' ಒಂದೇ ಬರೆದ್ರೆ ಸರಿ, 'ಟನ್‌ದರ' ಅಂತ ಸೇರಿಸಿ ಬರೆದ್ರೆ ನಡುವೆ ಅದು ಬಂದು ಕೂತಿರುತ್ತೆ. 3.8 ಆಗಿದ್ರೆ ಐಡೆಂಟಿಫೈಯರಲ್ಲಿ ಸಲ್ಲದ ಅಕ್ಷರ ಇದೆ ಅಂತ ಮಾತ್ರ ಹೇಳುತ್ತೆ, ನೀನು ಲೈನ್ ದಿಟ್ಟಿಸಿ ನೋಡ್ತಾ ಕೂರ್ತೀಯ, ಎಲ್ಲಾ ಸರಿಯಾಗೇ ಕಾಣುತ್ತೆ. ಹೊಸ ವರ್ಷನ್‌ಗಳು ಆ ಕಾಣದ ಅಕ್ಷರದ ಯೂನಿಕೋಡ್ ನಂಬರ್ ಸಮೇತ ಹೇಳ್ತವೆ. ಟನ್ ಆದ್ಮೇಲೆ ಅಂಡರ್‌ಸ್ಕೋರ್ ಹಾಕಿ ದರ ಅಂತ ಬರಿ, ತಾಪತ್ರಯ ಇಲ್ಲ.

ಶಿವಪುರ_ಎಕ್ಸ್‌ಪ್ರೆಸ್ · ಮಂಗಳವಾರ ಮಧ್ಯಾಹ್ನ 2.41

ಅಲ್ಲ ಇಷ್ಟೊಂದು ಫೀಸ್ ಕಟ್ಟುಸ್ಕೊಂಡು ಐದು ವರ್ಷದ ಹಿಂದಿನ ಪೈಥಾನ್ ಇಟ್ಕೊಂಡಿದಾರಲ್ಲ, ಒಂದು ಅಪ್‌ಡೇಟ್ ಮಾಡೋಕೆ ಏನ್ ಕಷ್ಟ? ಡೌನ್‌ಲೋಡ್ ಮಾಡಿ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿದ್ರೆ ಹತ್ತು ನಿಮಿಷದ ಕೆಲ್ಸ.

ಲ್ಯಾಬ್_ಮೇಷ್ಟ್ರು_ಮೈಸೂರು · ಮಂಗಳವಾರ ರಾತ್ರಿ 9.15

ನಾನು ಮೈಸೂರಲ್ಲಿ ಬೇರೆ ಒಂದು ಕಾಲೇಜಿನ ಲ್ಯಾಬ್ ನೋಡ್ಕೊಳೋನು, ನಮ್ಮಲ್ಲೂ ಒಂದು ಲ್ಯಾಬ್ ಪೂರ್ತಿ ವಿಂಡೋಸ್ 7 ಇದೆ, ಅದಕ್ಕೆ ಇದನ್ನ ಹೇಳ್ಬೇಕು ಅನ್ನಿಸ್ತು. ವಿಂಡೋಸ್ 7ರಲ್ಲಿ ಪೈಥಾನ್ 3.8ರಿಂದ ಮುಂದಕ್ಕೆ ಹೋಗೋಕೇ ಆಗಲ್ಲ. 3.9ರಿಂದ ಆಚೆಗೆ ವಿಂಡೋಸ್ 7ಕ್ಕೆ ಸಪೋರ್ಟ್ ತೆಗೆದುಬಿಟ್ರು, ಇನ್‌ಸ್ಟಾಲರ್ ಶುರುವಲ್ಲೇ ಆಗಲ್ಲ ಅಂದುಬಿಡುತ್ತೆ. ಆ ಹುಡುಗ ಹೇಳಿದ 3.8.10 ಇದೆಯಲ್ಲ, 3.8 ಸರಣೀಲಿ ವಿಂಡೋಸ್ ಇನ್‌ಸ್ಟಾಲರ್ ಸಿಗೋ ಕೊನೇದು ಅದೇ. ಅಂದ್ರೆ ಅಲ್ಲಿಯ ಲ್ಯಾಬ್‌ನೋರು ಸುಮ್ನೆ ಕೂತಿಲ್ಲ, ಆ ಮೆಷೀನಿಗೆ ಎಲ್ಲಿಗಂಟ ಹೋಗ್ಬೋದೋ ಅಲ್ಲಿಗಂಟ ಹೋಗಿದಾರೆ. ನಮ್ಮಲ್ಲಿ 2 ಜಿಬಿ ರ‍್ಯಾಮ್ ಇರೋ ಮೆಷೀನು, ವಿಂಡೋಸ್ 10 ಹಾಕಿ ನೋಡಿದೀನಿ, ಹುಡುಗ್ರು ಲಾಗಿನ್ ಆಗೋಷ್ಟ್ರಲ್ಲಿ ಲ್ಯಾಬ್ ಅವಧಿ ಕಾಲು ಭಾಗ ಮುಗಿದಿರುತ್ತೆ.

ಹೋದ ಸೆಮಿಸ್ಟರಲ್ಲಿ ನಮ್ಮಲ್ಲೂ ಹಿಂಗೇ ಆಯ್ತು, ಒಂದು ಹುಡುಗಿ ಇಂಟರ್ನಲ್ಸ್ ದಿನ ಇದೇ ಎರರ್ ನೋಡ್ಕೊಂಡು ಅಳ್ತಾ ಕೂತಿದ್ಲು, ಅವಳ ಪ್ರೋಗ್ರಾಂನಲ್ಲಿ ಒಂದು ತಪ್ಪೂ ಇರ್ಲಿಲ್ಲ. ಅವತ್ತಿಂದ ಲ್ಯಾಬ್ ಬೋರ್ಡಿನ ಎಡಗಡೆ ಮೂಲೇಲಿ ಸೀಮೆಸುಣ್ಣದಲ್ಲಿ ಪೈಥಾನ್ 3.8 ಅಂತ ದೊಡ್ಡದಾಗಿ ಬರ್ದಿಟ್ಟಿದೀನಿ, ಯಾರೂ ಅಳಿಸ್ಬಾರ್ದು ಅಂತ ಸುತ್ತ ಗೆರೆ. ಪಕ್ಕದಲ್ಲಿ ಏನೇನು ನಡಿಯಲ್ಲ ಅಂತ ಹೇಳೋ ನಾಕು ಸಾಲು. ಲ್ಯಾಬ್ ಮ್ಯಾನ್ಯುಅಲ್ ಮೊದಲ್ನೇ ಪುಟದಲ್ಲೂ ಇದು ಇರ್ಬೇಕು ಅಂತ ನಾನು ಡಿಪಾರ್ಟ್‌ಮೆಂಟಲ್ಲಿ ಕೇಳ್ತಾನೇ ಇದೀನಿ.

ಮುಂದಿನ ರಜೇಲಿ ಹತ್ತು ಮೆಷೀನಿಗೆ ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕೋ ಯೋಚನೆ ಇದೆ. ಅದು 32 ಬಿಟ್ ಮೆಷೀನಲ್ಲೂ ಕೂರುತ್ತೆ, ಅದರ ಜೊತೆ ಬರೋದು ಪೈಥಾನ್ 3.11, ಮ್ಯಾಚ್ ನಡಿಯುತ್ತೆ. ಯಾರಾದ್ರೂ ಕಡಿಮೆ ರ‍್ಯಾಮಲ್ಲಿ ಓಡಿಸಿದೋರಿದ್ರೆ ಯಾವ ಡೆಸ್ಕ್‌ಟಾಪ್ (ಪರದೆ ಮೇಲೆ ಕಿಟಕಿ, ಮೆನು ತೋರಿಸೋ ಸಾಫ್ಟ್‌ವೇರ್) ಹಗುರ ಅಂತ ಹೇಳಿ.

ಹೆಬ್ಬಾಳ_ನೈಟ್‌ಶಿಫ್ಟ್ · ಮಂಗಳವಾರ ರಾತ್ರಿ 10.02

ಸರ್, ಎಲ್‌ಎಕ್ಸ್‌ಡಿಇ ಹಾಕಿ, 2 ಜಿಬಿಗೆ ಸಾಕು, ನಾನು ಓಡಿಸಿದೀನಿ. ಒಂದು ಮಾತ್ರ ಹುಡುಗ್ರಿಗೆ ಮೊದ್ಲೇ ಹೇಳ್ಬಿಡಿ, ಲಿನಕ್ಸಲ್ಲಿ ಸಿಸ್ಟಮ್ ಜೊತೆ ಬಂದಿರೋ ಪೈಥಾನ್ ಹಳೇದಾಯ್ತು ಅಂತ ಕಿತ್ತು ಬಿಸಾಕ್ಬಾರ್ದು, ಸಿಸ್ಟಮ್ಮಿನ ಎಷ್ಟೋ ಟೂಲ್ ಅದರ ಮೇಲೇ ನಿಂತಿರ್ತವೆ. ಬೇರೆ ವರ್ಷನ್ ಬೇಕಂದ್ರೆ ಪಕ್ಕದಲ್ಲಿ ಹಾಕ್ಕೋಬೇಕು.

ಶಿವಪುರ_ಎಕ್ಸ್‌ಪ್ರೆಸ್ · ಮಂಗಳವಾರ ರಾತ್ರಿ 10.20

ಸಾರಿ ಸರ್, ವಿಂಡೋಸ್ 7 ವಿಷ್ಯ ಗೊತ್ತಿರ್ಲಿಲ್ಲ. ಆ ಬೋರ್ಡ್ ಐಡಿಯಾ ಎಲ್ಲಾ ಲ್ಯಾಬಲ್ಲೂ ಇರ್ಬೇಕು.

ಮದ್ದೂರು_ಹುಡುಗ · ಬುಧವಾರ ಮಧ್ಯಾಹ್ನ 12.30

ಮ್ಯಾಚ್ ತೆಗೆದು ಇಫ್, ಎಲಿಫ್ ಹಾಕ್ದೆ, ಆ ಲೈನ್ ದಾಟ್ತು. ಹೆಸರೆಲ್ಲ ವಾಪಸ್ ಕನ್ನಡ ಮಾಡ್ದೆ. ಆದ್ರೆ ಈಗ 41ನೇ ಲೈನಲ್ಲಿ ಮತ್ತೆ ಇನ್‌ವ್ಯಾಲಿಡ್ ಸಿಂಟ್ಯಾಕ್ಸ್. ಅದು ಚೀಟಿ ಪ್ರಿಂಟ್ ಮಾಡೋ ಲೈನು, ಎಫ್ ಸ್ಟ್ರಿಂಗು, ಅಂದ್ರೆ ವಾಕ್ಯದ ಒಳಗೇ ವೇರಿಯಬಲ್ ತುಂಬೋದು. ಎಫ್ ಸ್ಟ್ರಿಂಗ್ 3.8ರಲ್ಲಿ ಇರ್ಬೇಕಲ್ವಾ ಅಕ್ಕ? ಅದೇ ಫೈಲಲ್ಲಿ ಮೇಲ್ಗಡೆ ಇರೋ ಎಫ್ ಸ್ಟ್ರಿಂಗ್‌ಗೆ ಏನೂ ಅಂತಿಲ್ಲ.

ಕುವೆಂಪುನಗರ_ಕೋಡು · ಬುಧವಾರ ಮಧ್ಯಾಹ್ನ 1.10

ಎಫ್ ಸ್ಟ್ರಿಂಗ್ 3.6ರಿಂದ ಇದೆ, 2016ರ ಡಿಸೆಂಬರ್. ತೊಂದ್ರೆ ಕೋಟ್‌ಗಳದು ಇರ್ಬೇಕು. ಹೊರಗಡೆ ಡಬಲ್ ಕೋಟ್ ಹಾಕಿ ಒಳಗಡೆ ಡಿಕ್ಷನರಿ (ಕೀ ಕೊಟ್ರೆ ಅದರ ಮಾಹಿತಿ ಕೊಡೋ ಪಟ್ಟಿ) ಕೀಗೂ ಡಬಲ್ ಕೋಟೇ ಹಾಕಿದೀಯಾ?

ಮದ್ದೂರು_ಹುಡುಗ · ಬುಧವಾರ ಮಧ್ಯಾಹ್ನ 1.14

ಹೌದು ಅಕ್ಕ! ರೈತ ಅನ್ನೋ ಡಿಕ್ಷನರಿ, ಅದರಲ್ಲಿ ಹೆಸರು ಅನ್ನೋ ಕೀ. ಒಳಗೂ ಹೊರಗೂ ಡಬಲ್ಲೇ.

ಕುವೆಂಪುನಗರ_ಕೋಡು · ಬುಧವಾರ ಮಧ್ಯಾಹ್ನ 1.40

ಅದು 3.12ರಿಂದ ಮಾತ್ರ ನಡಿಯೋದು. ಅದಕ್ಕೆ ಹಿಂದೆ ಒಳಗಿನ ಮೊದಲ್ನೇ ಡಬಲ್ ಕೋಟ್ ಸಿಕ್ಕ ತಕ್ಷಣ ಸ್ಟ್ರಿಂಗ್ ಮುಗೀತು ಅಂತ ಪೈಥಾನ್ ಅಂದ್ಕೊಳುತ್ತೆ, ಆಮೇಲೆ 'ಹೆಸರು' ಅನ್ನೋದು ಒಂಟಿಯಾಗಿ ಹೊರಗಡೆ ನಿಲ್ಲುತ್ತೆ. ಒಳಗಡೆ ಸಿಂಗಲ್ ಕೋಟ್ ಮಾಡು, ಎಲ್ಲಾ ವರ್ಷನ್‌ಗೂ ಸರಿ ಹೋಗುತ್ತೆ. ಮನೇಲಿ 3.12 ಇರೋದ್ರಿಂದ ಇದು ನಿನ್ನ ಕಣ್ಣಿಗೇ ಬಿದ್ದಿಲ್ಲ.

ಇನ್ನೂ ಒಂದು ಈಗ್ಲೇ ಹೇಳಿಬಿಡ್ತೀನಿ, ಇಲ್ದಿದ್ರೆ ನಾಳೆ ಸಿಗುತ್ತೆ. ಫಂಕ್ಷನ್‌ಗಳಿಗೆ ಟೈಪ್ ಹಿಂಟ್ (ಯಾವ ಥರ ಮಾಹಿತಿ ಬರುತ್ತೆ ಅನ್ನೋ ಸೂಚನೆ) ಹಾಕಿದ್ದು ಲಿಸ್ಟ್ ಅಂತ ಬರ್ದು ಚೌಕ ಬ್ರಾಕೆಟಲ್ಲಿ ಇಂಟ್ ಅಂತ ಇದ್ರೆ 3.8ರಲ್ಲಿ ಅದು ಟೈಪ್ ಎರರ್ ಕೊಡುತ್ತೆ, 3.9ರಿಂದ ಬಂದಿದ್ದು ಅದು. ಹೆಸರು ಬೇರೆ, ಸಿಂಟ್ಯಾಕ್ಸ್ ಎರರ್ ಅಲ್ಲ, ಆದ್ರೆ ಕಾರಣ ಅದೇ. ಟೈಪಿಂಗ್ ಮಾಡ್ಯೂಲಿಂದ ದೊಡ್ಡ ಅಕ್ಷರದ ಲಿಸ್ಟ್ ತಗೋ, ಅಥ್ವಾ ಹಿಂಟ್ ತೆಗಿ.

ಒಂದೊಂದೇ ಎರರ್ ನೋಡಿ ಲ್ಯಾಬ್‌ಗೂ ಮನೆಗೂ ಓಡಾಡ್ಬೇಡ. ಮನೆ ಲ್ಯಾಪ್‌ಟಾಪಲ್ಲೇ 3.12 ಪಕ್ಕದಲ್ಲಿ 3.8.10 ಹಾಕ್ಕೋ, ವಿಂಡೋಸಲ್ಲಿ ಎರಡೂ ಜೊತೇಲಿ ಇರ್ತವೆ, ಒಂದಕ್ಕೊಂದು ಜಗಳ ಇಲ್ಲ. ಪಿ ವೈ ಆದ್ಮೇಲೆ ಮೈನಸ್ 3.8 ಅಂತ ಹಾಕಿ ಫೈಲ್ ಹೆಸರು ಕೊಟ್ರೆ 3.8ರಲ್ಲೇ ಓಡುತ್ತೆ.

ಸರಸ್ವತಿಪುರಂ_ವೆಬ್ · ಬುಧವಾರ ಸಂಜೆ 7.25

ಇದು ಪೈಥಾನ್‌ದೊಂದೇ ಕಥೆ ಅಲ್ಲ ಅಂತ ಹೇಳೋಕೆ ಬಂದೆ. ನಾನು ಮೈಸೂರಿನ ಒಂದು ಹೋಮ್‌ಸ್ಟೇ ವೆಬ್‌ಸೈಟ್ ಪಿಎಚ್‌ಪಿ ಅನ್ನೋ ಭಾಷೇಲಿ ಮಾಡಿದ್ದೆ, ದಸರಾ ಬುಕಿಂಗ್‌ಗೆ ಅಂತ ಅವಸರವಾಗಿ ಹಾಕಿದ್ದು. ನನ್ನ ಸಿಸ್ಟಮಲ್ಲಿ ಸರಿ, ಹೋಸ್ಟಿಂಗ್‌ಗೆ ಏರಿಸಿದ್ರೆ ಇಡೀ ಪುಟ ಬಿಳಿ, ಲಾಗಲ್ಲಿ ಪಾರ್ಸ್ ಎರರ್, ಪ್ರಶ್ನಾರ್ಥಕ ಚಿಹ್ನೆ ಅನಿರೀಕ್ಷಿತ ಅಂತ. ನಾನು ಎರಡು ಪ್ರಶ್ನಾರ್ಥಕ ಒಟ್ಟಿಗೆ ಹಾಕಿದ್ದೆ, ವೇರಿಯಬಲಲ್ಲಿ ಏನೂ ಇಲ್ದಿದ್ರೆ ಇದನ್ನ ತಗೋ ಅನ್ನೋದಕ್ಕೆ, ಅದು ಪಿಎಚ್‌ಪಿ 7.0ರಿಂದ ಬಂದಿದ್ದು, 2015. ಹೋಸ್ಟಿಂಗಲ್ಲಿ 5.6 ಇತ್ತು. ಬೆಳಗಿನ ಜಾವದವರೆಗೂ ಸೆಮಿಕೋಲನ್ ಹುಡುಕಿದೀನಿ.

ಅದರಲ್ಲಿ ನಂಗೆ ದಾರಿ ತಪ್ಪಿಸಿದ್ದು ಏನಂದ್ರೆ ಸರ್ವರ್‌ಗೆ ಲಾಗಿನ್ ಆಗಿ ಟರ್ಮಿನಲಲ್ಲಿ ವರ್ಷನ್ ಕೇಳಿದ್ರೆ 7 ಅಂತ ಹೇಳ್ತಿತ್ತು. ಟರ್ಮಿನಲಲ್ಲಿ ಓಡೋ ಪಿಎಚ್‌ಪಿ ಬೇರೆ, ವೆಬ್‌ಸೈಟ್ ಓಡಿಸೋ ಪಿಎಚ್‌ಪಿ ಬೇರೆ ಇರ್ಬೋದು ಅಂತ ಅವತ್ತೇ ಗೊತ್ತಾಗಿದ್ದು. ಪಿಎಚ್‌ಪಿ ಇನ್ಫೋ ಫಂಕ್ಷನ್ ಇರೋ ಒಂದು ಪುಟ ಹಾಕಿ ಬ್ರೌಸರಲ್ಲೇ ತೆಗೆದು ನೋಡ್ಬೇಕು, ನೋಡಿದ್ಮೇಲೆ ಆ ಪುಟ ಅಳಿಸ್ಬೇಕು. ಆಮೇಲೆ ಕಂಟ್ರೋಲ್ ಪ್ಯಾನೆಲಲ್ಲಿ ವರ್ಷನ್ ಬದಲಾಯಿಸಿದ್ದು ಎರಡು ಕ್ಲಿಕ್ಕು.

ಹೆಬ್ಬಾಳ_ನೈಟ್‌ಶಿಫ್ಟ್ · ಬುಧವಾರ ರಾತ್ರಿ 11.50

ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್ ಜೆಎಸ್‌ದೂ ಹಿಂಗೇ. ಪ್ರಶ್ನಾರ್ಥಕ ಮತ್ತೆ ಚುಕ್ಕೆ ಸೇರಿಸಿ ಬರಿಯೋದು ನೋಡ್ 14ರಿಂದ, 12ರಲ್ಲಿ ಚುಕ್ಕೆ ಅನಿರೀಕ್ಷಿತ ಅನ್ನುತ್ತೆ. ಕೈಯಲ್ಲಿ ಓಡಿಸಿದಾಗ ಸರಿ ಇದ್ದು ರಾತ್ರಿ ಕ್ರಾನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡಿಸೋ ವ್ಯವಸ್ಥೆ) ಮಾತ್ರ ಬೀಳ್ತಿದ್ರೆ, ಕ್ರಾನ್‌ನ ಪಾತ್ ಬೇರೆ ಇರುತ್ತೆ, ಅದು ಹಳೇ ನೋಡನ್ನ ಎತ್ಕೊಂಡಿರುತ್ತೆ.

ಲ್ಯಾಬ್_ಮೇಷ್ಟ್ರು_ಮೈಸೂರು · ಗುರುವಾರ ಬೆಳಿಗ್ಗೆ 7.40

ಟರ್ಬೊ ಸಿ ಪ್ಲಸ್ ಪ್ಲಸ್ ಅನ್ನೋ ಹಳೇ ಕಂಪೈಲರ್ ಇಟ್ಕೊಂಡಿರೋ ಕಡೆ ಹುಡುಗ್ರು ಮನೇಲಿ ಹೊಸ ಕಂಪೈಲರಲ್ಲಿ ಕಲಿತು ಬಂದು ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ ಅಂತ ಬರೆದ್ರೆ ಡಿಕ್ಲರೇಷನ್ ಸಿಂಟ್ಯಾಕ್ಸ್ ಎರರ್. ಆ ಕಂಪೈಲರ್ 1998ರ ಸಿ ಪ್ಲಸ್ ಪ್ಲಸ್ ಸ್ಟ್ಯಾಂಡರ್ಡ್‌ಗಿಂತ ಹಿಂದಿನದು. ಆ ಮಕ್ಕಳು ಅಲ್ಲೂ ತಮ್ಮದೇ ತಪ್ಪು ಅಂದ್ಕೊಂಡು ಅಳಿಸಿ ಅಳಿಸಿ ಬರೀತಾರೆ, ಅದು ನೋಡೋಕೆ ಸಂಕಟ ಆಗುತ್ತೆ. ಇವತ್ತು ಡೆಮೊ ಅಲ್ವೇನಪ್ಪ, ಆಲ್ ದಿ ಬೆಸ್ಟ್.

ಮದ್ದೂರು_ಹುಡುಗ · ಭಾನುವಾರ ಸಂಜೆ 5.10

ಎಲ್ರಿಗೂ ತಡವಾಗಿ ಹೇಳ್ತಿದೀನಿ, ಡೆಮೊ ಆಯ್ತು. ಮನೇಲಿ 3.8.10 ಹಾಕ್ಕೊಂಡು ಅದರಲ್ಲೇ ಓಡಿಸಿ ನೋಡ್ಕೊಂಡು ಹೋಗಿದ್ದೆ. ಅಕ್ಕ ಹೇಳಿದ್ದ ಲಿಸ್ಟ್ ಹಿಂಟ್ ಎರಡು ಕಡೆ ಇತ್ತು, ತೆಗ್ದೆ. ಬಂದಿದ್ದ ಮೇಡಂ ಕನ್ನಡದ ವೇರಿಯಬಲ್ ಹೆಸರು ನೋಡಿ ಇದು ಹೆಂಗೆ ಓಡುತ್ತೆ ಅಂತ ಕೇಳಿದ್ರು, ಯುಟಿಎಫ್ 8 ವಿಷ್ಯ ಎಲ್ಲಾ ಹೇಳ್ದೆ, ನನ್ ಫ್ರೆಂಡೂ ಪಕ್ಕದಲ್ಲೇ ನಿಂತಿದ್ದ.

ಲ್ಯಾಬಿನ ಕಮಾಂಡ್ ಪ್ರಾಂಪ್ಟ್ ಕಪ್ಪು ಕಿಟಕೀಲಿ ಕನ್ನಡ ಅಕ್ಷರ ಬರ್ಲಿಲ್ಲ, ಬರೀ ಚೌಕ ಚೌಕ ಬಂತು. ಅದಕ್ಕೆ ಚೀಟಿನ ಟೆಕ್ಸ್ಟ್ ಫೈಲ್‌ಗೆ ಬರ್ಸಿ ನೋಟ್‌ಪ್ಯಾಡಲ್ಲಿ ತೆಗೆದು ತೋರಿಸ್ದೆ. ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್ 8 ಅಂತ ಕೊಡ್ಲೇಬೇಕು, ವಿಂಡೋಸಲ್ಲಿ 3.8 ಅದನ್ನ ತಾನಾಗೇ ತಗೊಳಲ್ಲ, ಮುಂದೆ ಯಾರಿಗಾದ್ರೂ ಬೇಕಾದೀತು ಅಂತ ಬರ್ದಿದೀನಿ.

ನೆನ್ನೆ ಆಲೆಮನೇಲಿ ಇರೋ ಹಳೇ ಕಂಪ್ಯೂಟರಿಗೂ ಹಾಕ್ದೆ, ಅದೂ ವಿಂಡೋಸ್ 7, ಅದೂ ಈಗ 3.8.10. ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಚೀಟಿ ಎರಡು ಸಲ ಓದಿ, ಎಲ್ಲಾ ಸರಿ ಐತೆ, ಸುಣ್ಣದ ಖರ್ಚು ಸೌದೆ ಖರ್ಚು ಎಲ್ಲೋಯ್ತು ಅಂದ್ರು. ಅದನ್ನ ಸೇರಿಸ್ತಾ ಕೂತಿದೀನಿ ಈಗ.